ಕಚೇರಿ ಎದ್ದುಹೋಯಿತು, ದಫ್ತರ ಎಲ್ಲಿ?

"ಇಲ್ಲೆ ಆಫೀಸು ಸಾಗಸೋ ಕಂಪನಿ ಯಾವ್ದರ ಐತೇನ್ರಿ?" ಎಂದು ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಮೊನ್ನೆ ನನ್ನನ್ನು ಕೇಳಿದರು. ಬೆಂಗಳೂರಿನಲ್ಲಿದ್ದು ಬಂದವರು, ಪ್ಯಾಕರ್ಸು, ಮೂವರ್ಸು ಎಂದೆಲ್ಲ ಬಲ್ಲವರು. ನಾನು ನಕ್ಕೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕೂ ಕಡೆ ಸಾಮಾನು ಸಾಗಿಸುವವರಿಗೆ ಏನು ಬರ? ಕಬ್ಬು ಹೇರುವ ಟ್ರ್ಯಾಕ್ಟರಿದೆ, ಬೆಲ್ಲದ ಪೆಂಟೆ ಎತ್ತುವ ಹಮಾಲರಿದ್ದಾರೆ, ಸೀರೆಯ ಗಂಟು ಹೊತ್ತು ತಿರುಗುವ ಟೆಂಪೋಗಳಿವೆ. ಅವರಿಗೆ ತಿಜೋರಿಯೂ ಭಾರವಲ್ಲ, ಕಪಾಟೂ ಭಾರವಲ್ಲ. ಬರ ಇರುವುದು ಬೇರೆಯದಕ್ಕೆ. ಅದನ್ನು ಹೇಳಲೆಂದೇ ಈ ನಾಲ್ಕು ಮಾತು.

ನಾನು ಗುಮಾಸ್ತನಾಗಿದ್ದಾಗ ನಮ್ಮ ಕಚೇರಿಯೂ ಒಮ್ಮೆ ಎದ್ದುಹೋಯಿತು. ಯಾವ ಊರು, ಯಾವ ಖಾತೆ ಎಂಬುದು ಬೇಡ. ಸಂಸ್ಥಾನದ ಕಾಲದ ಕಟ್ಟಡ; ಸಾಗವಾನಿ ಕಂಬ, ಮಣ್ಣಿನ ಮಾಳಿಗೆ, ಮಳೆಗಾಲದಲ್ಲಿ ಅಲ್ಲಲ್ಲಿ ಬಕೆಟ್ಟು. ಹೊರವಲಯದಲ್ಲಿ ಹೊಸ ಕಟ್ಟಡ ಸಿದ್ಧವಾಗಿತ್ತು. ಒಂದೇ ದಿನದಲ್ಲಿ ಮುಗಿಸಿರಿ ಎಂದು ಹುಕುಮಾಯಿತು. ಕುರ್ಚಿ ಮೇಜುಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದಿತ್ತು. ಅವನ್ನು ಎಣಿಸಿ, ಸಹಿ ಮಾಡಿ ಹೇರಿದೆವು. ಕೆಂಪು ರುಮಾಲಿನಲ್ಲಿ ಕಟ್ಟಿದ ದಫ್ತರದ ಗಂಟುಗಳಿಗೆ ನಂಬರಿರಲಿಲ್ಲ. ಅವನ್ನು ಯಾರೂ ಎಣಿಸಲಿಲ್ಲ. ನಾನೂ ಎಣಿಸಲಿಲ್ಲ.

ಸಂಜೆಗೆ ಮುದುಕ ಹಮಾಲನೊಬ್ಬ ಬಂದು, "ಸಾಹೇಬ್ರ, ಅಟ್ಟದ ಮ್ಯಾಲ ಇನ್ನೂ ಗಂಟ ಅದಾವ್ರಿ, ಹೇರೂದೋ ಬಿಡೂದೋ?" ಎಂದ. ಮೇಲೆ ಹೋಗಿ ನೋಡಿದೆ. ಕೆಲವು ಮೋಡಿ ಲಿಪಿಯವು. ನನಗೆ ಓದಲು ಬರುತ್ತಿರಲಿಲ್ಲ, ಕಚೇರಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. "ನಾಳೆ ನೋಡೂಣು ಬಿಡು ಕಾಕಾ" ಎಂದೆ. ಆ ನಾಳೆ ಬರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಮಳೆ ಬಂತು, ಗೆದ್ದಲು ಬಂತು, ಉಳಿದದ್ದು ರದ್ದಿಯವನ ತಕ್ಕಡಿಗೆ ಹೋಯಿತು.

ಎರಡು ವರ್ಷದ ಮೇಲೆ ನದಿ ದಂಡೆಯ ಹಳ್ಳಿಯ ವಿಧವೆಯೊಬ್ಬಳು ಬಂದಳು. ಹೊಲ ಮುಳುಗಡೆಗೆ ಹೋಗಿತ್ತು. ಮಾವನ ಹೆಸರಿನ ಹಳೆಯ ನೋಂದು ಸಿಕ್ಕರೆ ಮಾತ್ರ ಪರಿಹಾರದಲ್ಲಿ ಅವಳಿಗೆ ಪಾಲು. ಮೂರು ಸಲ ಬಂದಳು. ಮೂರನೆಯ ಸಲ, "ಇಷ್ಟ ದೊಡ್ಡ ಮನಿ ಕಟ್ಟೀರಿ, ನಮ್ಮ ಒಂದ ಹಾಳಿ ಇಡಾಕ ಜಾಗ ಇಲ್ಲೇನ್ರಿ ಯಪ್ಪಾ?" ಎಂದಳು. ಕಚೇರಿಯಿಂದ ಅವಳಿಗೆ ಸಿಕ್ಕ ಉತ್ತರ ಒಂದೇ: 'ಸ್ಥಳಾಂತರದಲ್ಲಿ ಕಳೆದಿದೆ'. ಆ ಉತ್ತರವನ್ನು ಬರೆದ ಕೈ ನನ್ನದು.

ಆದ್ದರಿಂದ ನಾನು ಹೇಳುವುದಿಷ್ಟು: ಕಚೇರಿ ಎಂದರೆ ಮೇಜಲ್ಲ, ಫಲಕವಲ್ಲ, ದಫ್ತರ. ಅದು ಸಾಗದಿದ್ದರೆ ಕಚೇರಿ ಸಾಗಿದಂತಲ್ಲ.

ಮುಧೋಳದ ರನ್ನನ ಹೆಸರು ಹೇಳಿದರೆ ನಾವೆಲ್ಲ ಎದೆ ಉಬ್ಬಿಸುತ್ತೇವೆ. ಹತ್ತನೆಯ ಶತಮಾನದ ಆ ಕವಿ ನಮಗೆ ಉಳಿದದ್ದು ಕಲ್ಲಿನ ಮನೆಯಿಂದಲ್ಲ, ಓಲೆಗರಿ ನಕಲು ಮಾಡಿದವರಿಂದ. ಅವನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಸಾವಿರ ವರ್ಷದ ಹಿಂದೆ ಒಬ್ಬ ಹೆಣ್ಣುಮಗಳಿಗೆ ತಿಳಿದದ್ದು ಇಂದು ಕಂಪ್ಯೂಟರ್ ಮುಂದೆ ಕೂತ ನಮಗೆ ತಿಳಿಯದೆ ಹೋಯಿತೆ?

ಇನ್ನು ಬಿಟ್ಟುಬಂದ ಕಟ್ಟಡದ ಮಾತು. ನಮ್ಮ ಊರುಗಳಲ್ಲಿ ವಿಳಾಸ ಹೇಳುವುದು ಮನೆ ನಂಬರಿನಿಂದಲ್ಲ. ಅಗಸಿ ದಾಟಿ, ವಾಡೇದ ಹಿಂದ, ಬಾವಿ ಕಟ್ಟಿ ಮಗ್ಗಲಕ, ಹೀಗೆ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು 1948ರವರೆಗೆ ಆಳಿದರು. ಒಂದೇ ಊರಿನಂತೆ ಬೆಳೆದ ರಬಕವಿ ಬನಹಟ್ಟಿಗಳಲ್ಲಿ ರಬಕವಿ ಸಾಂಗಲಿಯದು, ಬನಹಟ್ಟಿ ಜಮಖಂಡಿಯದು. ಈ ಸಂಗತಿಗಳನ್ನು ಮಕ್ಕಳಿಗೆ ತೋರಿಸಿ ಹೇಳಲು ಹಳೆಯ ಕಟ್ಟಡಗಳಲ್ಲದೆ ಮತ್ತೇನಿದೆ? ಕಚೇರಿ ಇದ್ದಷ್ಟು ದಿನ ಅವಕ್ಕೆ ವರ್ಷಕ್ಕೊಮ್ಮೆಯಾದರೂ ಸುಣ್ಣ ಕಾಣುತ್ತಿತ್ತು. ಕಚೇರಿ ಎದ್ದುಹೋದ ಮರುದಿನವೇ ಬಾಗಿಲಿಗೆ ಬೀಗ, ಕಿಟಕಿಗೆ ಕಲ್ಲು, ಅಂಗಳದಲ್ಲಿ ಜಾಲಿ.

ಹತ್ತಿರದ ಕಲಾದಗಿಯನ್ನೇ ನೋಡಿರಿ. ಒಂದು ಕಾಲಕ್ಕೆ ಅದು ಜಿಲ್ಲೆಯ ಹೆಸರು, ಕಲೆಕ್ಟರರ ಊರು. 1885ರಲ್ಲಿ ಕೇಂದ್ರ ಬಿಜಾಪುರಕ್ಕೆ ಹೋಯಿತು. ಅಲ್ಲಿ ಬಿದ್ದಿದ್ದ ಆದಿಲಶಾಹಿ ಮಹಲುಗಳಲ್ಲಿ ಕೆಲವಕ್ಕೆ ಕಚೇರಿಗಳು ಬಂದವು, ಜೀವ ಬಂತು. ಇತ್ತ ಕಲಾದಗಿಯ ಹೆಸರು ಇಂದು ಕೇಳಿಬರುವುದು ಚಿಕ್ಕು, ದಾಳಿಂಬೆಯಿಂದ. ಜಿಲ್ಲೆಯ ಊರಾಗಿತ್ತೆಂದರೆ ಹುಡುಗರು ನಂಬುವುದಿಲ್ಲ. ಕಚೇರಿ ಬರುವುದರಲ್ಲಿ ಏನಿದೆ, ಹೋಗುವುದರಲ್ಲಿ ಏನಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನನ್ನ ಮಾತಿಗೆ ಎದುರು ಮಾತೂ ಇದೆ, ಒಪ್ಪುತ್ತೇನೆ. ಹಳೆಯ ಕಟ್ಟಡ ಸೋರುತ್ತದೆ. ಕಡಿದಾದ ಮೆಟ್ಟಿಲನ್ನು ಮುದುಕರು, ಕಾಲಿಲ್ಲದವರು ಹತ್ತಲಾರರು. ಸೋರುವ ಮಾಳಿಗೆಯ ಕೆಳಗೆ ಕಾಗದಕ್ಕೂ ಕ್ಷೇಮವಿಲ್ಲ. ಹೋಗಬೇಡಿರಿ ಎಂದು ನಾನು ಹೇಳುತ್ತಿಲ್ಲ. ಹೋಗುವಾಗ ಹಿಂದೆ ಏನನ್ನಾದರೂ ಬಿಟ್ಟುಹೋಗಿರಿ ಎನ್ನುತ್ತೇನೆ: ಒಂದು ವಾಚನಾಲಯ, ನೇಕಾರರ ಸೀರೆ ತೋರಿಸುವ ಒಂದು ಕೋಣೆ, ಕೊನೆಗೆ ಒಂದು ದಫ್ತರಖಾನೆ. ಜನ ಓಡಾಡುವ ಕಟ್ಟಡ ಬೇಗ ಬೀಳುವುದಿಲ್ಲ. ಬಿರುಕು ಕಂಡವರು ಹೇಳುತ್ತಾರೆ.

ಇದು ಹಳೆಯ ಕಥೆಯೆಂದು ಪುಟ ಮಗುಚಬೇಡಿರಿ. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಹಿನ್ನೀರಿಗೆ ಊರಿನ ಭಾಗ ಹೋಗಿ ನವನಗರ ಬೆಳೆಯಿತು. 2017-18ರ ಬಜೆಟ್ಟಿನಲ್ಲಿ ರಬಕವಿ-ಬನಹಟ್ಟಿ ತಾಲ್ಲೂಕೆಂದು ಘೋಷಣೆಯಾಯಿತು. ತಾಲ್ಲೂಕು ಒಡೆದಾಗಲೆಲ್ಲ ದಫ್ತರವೂ ಒಡೆಯುತ್ತದೆ. ಮುಂದೆ ಇನ್ನೂ ದೊಡ್ಡದು ಕಾದಿದೆ. ಆಲಮಟ್ಟಿಯ ನೀರನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಿದರೆ 75 ಸಾವಿರ ಎಕರೆಗೂ ಹೆಚ್ಚು ಭೂಮಿ ಮುಳುಗುತ್ತದೆ. ಬೀಳಗಿ ಸೀಮೆಯ ದಂಡೆಯ ರೈತರಿಗೆ ಇದು ಬರಿ ಅಂಕಿಯಲ್ಲ. 2025ರಲ್ಲಿ ಸರ್ಕಾರ ನೀರಾವರಿ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ದರ ಗೊತ್ತುಮಾಡಿದೆ. ಆ ಹಣ ಯಾರ ಕೈಗೆ ಎಂಬುದನ್ನು ತೀರ್ಮಾನಿಸುವುದು ಒಂದು ಹಳೆಯ ಉತಾರ, ಒಂದು ಹಳೆಯ ಸಹಿ. ಅದು ರದ್ದಿಯಂಗಡಿಯಲ್ಲಿದ್ದರೆ?

ನಾನು ಕೇಳುವುದು ದೊಡ್ಡದೇನಲ್ಲ. ಕುರ್ಚಿಗೆ ಬರೆದಂತೆ ಗಂಟಿಗೂ ನಂಬರು ಬರೆಯಿರಿ. ಹೇರುವಾಗ ಒಮ್ಮೆ, ಇಳಿಸುವಾಗ ಒಮ್ಮೆ ಎಣಿಸಿರಿ. ಓದಲು ಬಾರದ ಕಾಗದವನ್ನು ಓದಬಲ್ಲವರು ಸಿಗುವವರೆಗೆ ಕೆಡವಬೇಡಿರಿ. ಜವಾಬ್ದಾರಿ ಹೊತ್ತ ಅಧಿಕಾರಿ ಕೊನೆಯ ಟ್ರ್ಯಾಕ್ಟರಿನ ಜೊತೆ ತಾನೇ ಬರಲಿ.

ಆ ಹೊಸ ಅಧಿಕಾರಿಗೆ ಕೊನೆಗೆ ಬಜಾರದ ಹಮಾಲರ ಹೆಸರನ್ನೇ ಕೊಟ್ಟೆ. ಜೊತೆಗೆ ಒಂದು ಮಾತು ಹೇಳಿದೆ: "ಅವರು 'ಅಟ್ಟದ ಮ್ಯಾಲ ಇನ್ನೂ ಗಂಟ ಅದಾವ್ರಿ' ಅಂದ್ರ, ನಾಳೆ ಅನಬ್ಯಾಡ್ರಿ."