ದೀಪ ಹಚ್ಚುವ ಮುನ್ನ



ಡಿಸೆಂಬರ್ ಬಂತೆಂದರೆ ಕಾಸರಗೋಡಿನ ನಮ್ಮ ಮನೆಗಳ ಜಗಲಿಯಲ್ಲಿ ನಕ್ಷತ್ರ ಏರುತ್ತದೆ, ಮಕ್ಕಳು ಗೋದಲಿ ಕಟ್ಟಲು ಹುಲ್ಲು ಹುಡುಕಲು ಹೊರಡುತ್ತಾರೆ. ಮನೆ ಭೇಟಿಗೆ ಹೋದಾಗ ನಮಗೆ ಇನ್ನೊಂದು ನೋಟವೂ ಕಾಣಸಿಗುತ್ತದೆ. ನಕ್ಷತ್ರದ ವಯರಿಗೆ ಪ್ಲಗ್ ಇರುವುದಿಲ್ಲ. ಸುಲಿದ ಎರಡು ತುದಿಗಳನ್ನು ಸಾಕೆಟ್ಟಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ಕೇಳಿದರೆ ಯಜಮಾನರು ನಗುತ್ತಾರೆ: “ಎಂಥದ್ದೂ ಆಗುವುದಿಲ್ಲ ಫಾದರ್, ಎಷ್ಟೋ ವರ್ಷದಿಂದ ಹೀಗೆಯೇ.”

ಅವರಿಗೆ ಬುದ್ಧಿ ಹೇಳುವ ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳಬೇಕು.

ಹಿಂದೆ ನಾವಿದ್ದ ಒಂದು ಇಗರ್ಜಿಯ ಗುರುಮನೆಯಲ್ಲಿ ಬಚ್ಚಲಿನ ಗೀಸರ್ ಹಾಕಿದಾಗಲೆಲ್ಲ ಇಎಲ್‌ಸಿಬಿ ಬೀಳುತ್ತಿತ್ತು. ಮನೆಯಿಡೀ ಕತ್ತಲೆ. ಬೆಳಗ್ಗಿನ ಪೂಜೆಗೆ ಹೊರಡುವ ಗಡಿಬಿಡಿಯಲ್ಲಿ ಇದು ದೊಡ್ಡ ಕಿರಿಕಿರಿ. ಕೈಚಳಕವುಳ್ಳ ಒಬ್ಬ ಹುಡುಗನನ್ನು ಕರೆಸಿದೆವು. ಅವನು ಹತ್ತೇ ನಿಮಿಷದಲ್ಲಿ ಇಎಲ್‌ಸಿಬಿಯನ್ನು ಬಿಟ್ಟು ನೇರವಾಗಿ ವಯರ್ ಕೊಟ್ಟ. ತೊಂದರೆ ಹೋಯಿತು. ಅವನಿಗೆ ಚಹಾ ಕೊಟ್ಟು, ಬೆನ್ನು ತಟ್ಟಿ ಕಳುಹಿಸಿದೆವು.

ಕೆಲವು ದಿನಗಳ ನಂತರ ಅಡುಗೆಯ ಅಕ್ಕ ಹೇಳಿದರು: “ಫಾದರ್, ಬಚ್ಚಲಿನ ನಳ್ಳಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ.” ಚಳಿಗೆ ಹಾಗಾಗಿರಬೇಕು ಎಂದು ನಾವು ನಕ್ಕುಬಿಟ್ಟೆವು. ಮುಂದೆ ಬೇರೆ ಕೆಲಸಕ್ಕೆಂದು ಬಂದ ಪರ್ಮಿಟ್ ಇರುವ ವಯರ್‌ಮ್ಯಾನ್ ಬೋರ್ಡು ತೆರೆದು ನೋಡಿ ಗಾಬರಿಯಾದರು. ಗೀಸರಿನ ಕಾಯಿಲ್ ಹಾಳಾಗಿ ಕರೆಂಟು ನೀರಿಗೆ ಸೋರುತ್ತಿತ್ತು. ಅರ್ಥ್ ವಯರೂ ಎಲ್ಲೋ ತುಂಡಾಗಿತ್ತು. ಅವರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: “ನಾಯಿ ಬೊಗಳಿದ್ದಕ್ಕೆ ನೀವು ನಾಯಿಯ ಬಾಯಿ ಕಟ್ಟಿದಿರಿ ಫಾದರ್. ಕಳ್ಳ ಒಳಗೇ ಇದ್ದ.”

ಆ ಅಕ್ಕನಿಗೆ ಏನಾದರೂ ಆಗಿದ್ದರೆ ನಾವು ಯಾರ ಮುಖ ನೋಡಬೇಕಿತ್ತು? ಆ ಹುಡುಗನದ್ದು ಅಜ್ಞಾನ. ಕೆಲಸ ಕೊಟ್ಟವರು ನಾವು.

ಇಎಲ್‌ಸಿಬಿ ಏಕೆ ಬೇಕು ಎಂಬುದನ್ನು ಅವರೇ ವಿವರಿಸಿದರು. ಮನೆಯ ಎಂಸಿಬಿ 6, 10 ಅಥವಾ 16 ಆಂಪಿಯರ್ ಮೀರಿದರೆ ಮಾತ್ರ ಬೀಳುವಂಥದ್ದು. ಅದು ವಯರನ್ನು ಸುಡದಂತೆ ಕಾಯುತ್ತದೆ, ಮನುಷ್ಯನನ್ನಲ್ಲ. ಒಂದು 9 ವಾಟ್ ಬಲ್ಬಿಗೆ ಬೇಕಾಗುವಷ್ಟು ಕರೆಂಟು ಎದೆಯ ಮೂಲಕ ಹರಿದರೂ ಜೀವ ಹೋಗಬಹುದು. ಮನೆಗಳಿಗೆ ಹಾಕುವ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿದರೆ ಸಾಕು, ಕ್ಷಣಾರ್ಧದಲ್ಲಿ ಸಪ್ಲೈ ಕಡಿಯುತ್ತದೆ.

ಹಾಗಾದರೆ ಮನೆಯಲ್ಲಿ ನಾವು ಏನು ಮಾಡಬಹುದು, ಏನು ಮಾಡಬಾರದು? ಇದಕ್ಕೆ ಕಾನೂನಿನಲ್ಲೇ ಸ್ಪಷ್ಟ ಗೆರೆಯಿದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿದ್ದ ಈ ಗೆರೆಯನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷಾ ನಿಯಮಗಳೂ ಉಳಿಸಿಕೊಂಡವು. 2023ರಲ್ಲಿ ಆ ನಿಯಮಗಳ ಜಾಗಕ್ಕೆ ಹೊಸವು ಬಂದಿವೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟ್ ಒಳಗಿನ ಮನೆಬಳಕೆಯ ಉಪಕರಣ, ಇಂಥವನ್ನು ಇದ್ದ ಜಾಗದಲ್ಲಿ ಅಂಥದ್ದೇ ಇನ್ನೊಂದನ್ನು ಹಾಕಿ ಬದಲಾಯಿಸಬಹುದು. ಅದರಿಂದ ವಯರಿಂಗಿನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಬಾರದು.

ಅದರಾಚೆಯದು ನಮ್ಮ ಕೆಲಸವಲ್ಲ. ಹೊಸ ಪಾಯಿಂಟ್ ತೆಗೆಯುವುದು, ಕೊಟ್ಟಿಗೆಗೋ ಅಡಿಕೆ ತೋಟದ ಪಂಪ್‌ಶೆಡ್ಡಿಗೋ ವಯರ್ ಎಳೆಯುವುದು, ಗೀಸರಿಗೋ ಏಸಿಗೋ ಬೇರೆ ಲೈನ್ ಹಾಕುವುದು, ಬೋರ್ಡು ಬದಲಿಸುವುದು, ಇವೆಲ್ಲ ಪರವಾನಗಿ ಇರುವ ಕಂಟ್ರಾಕ್ಟರರ ಮೂಲಕ, ಅರ್ಹತಾ ಪತ್ರವುಳ್ಳ ಸೂಪರ್‌ವೈಸರರ ನೇರ ಮೇಲ್ವಿಚಾರಣೆಯಲ್ಲಿ, ಪರ್ಮಿಟ್ ಇರುವವರ ಕೈಯಿಂದಲೇ ಆಗಬೇಕು. ಕೇರಳದಲ್ಲಿ ಈ ಪತ್ರಗಳನ್ನು ಕೊಡುವುದು ರಾಜ್ಯ ವಿದ್ಯುತ್ ಲೈಸೆನ್ಸಿಂಗ್ ಬೋರ್ಡು. ಕೆಲಸ ಒಪ್ಪಿಸುವ ಮೊದಲು ಅವನ್ನು ಕೇಳಿ ನೋಡುವುದು ಯಾರಿಗೂ ಅವಮಾನವಲ್ಲ. ಕೆಲಸ ಮುಗಿದ ಮೇಲೆ ಏನೇನು ಮಾಡಿದರು, ಇನ್ಸುಲೇಶನ್ ಮತ್ತು ಅರ್ಥ್ ಪರೀಕ್ಷೆಯಲ್ಲಿ ಏನು ಬಂತು ಎಂಬುದನ್ನು ಬರೆಸಿ, ಸಹಿ ಹಾಕಿಸಿ ಇಟ್ಟುಕೊಳ್ಳಿ. ಲೋಡು ಹೆಚ್ಚಾದರೆ ಕೆಎಸ್‌ಇಬಿ ಸೆಕ್ಷನ್ ಆಫೀಸಿಗೂ ತಿಳಿಸಬೇಕು. ಕಂಬದಿಂದ ಮೀಟರ್‌ವರೆಗಿನ ವಯರನ್ನಂತೂ ನೀವೂ ನಿಮ್ಮ ವಯರ್‌ಮ್ಯಾನೂ ಮುಟ್ಟಬಾರದು. ಅಲ್ಲಿ ತೊಂದರೆ ಕಂಡರೆ 1912ಕ್ಕೆ ಫೋನ್ ಮಾಡಿ.

ನಮ್ಮ ಪಾಲಿಗೆ ಬಿಟ್ಟ ಸಣ್ಣ ಕೆಲಸಗಳಲ್ಲೂ ಎಚ್ಚರ ಬೇಕು. ಸ್ವಿಚ್ಚು ಬದಲಿಸುವಾಗ ಮೈನ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಮೈನ್ ತೆಗೆದರೂ ಇನ್ವರ್ಟರಿನ ಕರೆಂಟು ವಯರಿನಲ್ಲಿ ಇರಬಹುದು. ಆಮೇಲೆ ಟೆಸ್ಟರ್ ಹಿಡಿದು ನೋಡಿ. ಫ್ಯೂಸು ಕಟ್ಟುವಾಗ ದಪ್ಪ ತಂತಿ ಸುತ್ತಬೇಡಿ. ತ್ರೀ ಪಿನ್ ಪ್ಲಗ್ಗಿನ ದೊಡ್ಡ ಪಿನ್ ಮುರಿಯಬೇಡಿ, ಅದೇ ಅರ್ಥ್. ಬೇಸಿಗೆಯಲ್ಲಿ ನಮ್ಮ ಮುರಕಲ್ಲಿನ ನೆಲ ಒಣಗಿದಾಗ ಅರ್ಥ್ ಗುಂಡಿಗೆ ನೀರು ಹಾಕುತ್ತಿರಿ. ಇಎಲ್‌ಸಿಬಿಯ ಟೆಸ್ಟ್ ಬಟನನ್ನು ತಿಂಗಳಿಗೊಮ್ಮೆ ಒತ್ತಿ. ಅದು ಬೀಳದಿದ್ದರೆ ವಯರ್‌ಮ್ಯಾನರನ್ನು ಕರೆಯಿರಿ. ಪದೇ ಪದೇ ತಾನಾಗಿ ಬೀಳುತ್ತಿದ್ದರೂ ಕರೆಯಿರಿ.

ಕೈಚಳಕವಿರುವ ಹುಡುಗರು ನಮ್ಮ ಪ್ರತಿ ವಾರ್ಡಿನಲ್ಲೂ ಇದ್ದಾರೆ. ಅವರನ್ನು ದೂರ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಐಟಿಐ ಸೇರಲು, ವಯರ್‌ಮ್ಯಾನ್ ಪರ್ಮಿಟ್ ಪಡೆಯಲು ಅವರಿಗೆ ನೆರವಾಗೋಣ. ಗುರಿಕಾರರು ಇದನ್ನು ಗಮನಿಸಲಿ. ಇಗರ್ಜಿಯ ಹಬ್ಬದ ದೀಪಾಲಂಕಾರಕ್ಕೂ ಇದೇ ನಿಯಮ ಎಂಬುದನ್ನು ನಾವೂ ಮರೆಯುವುದಿಲ್ಲ.

ಈ ವರ್ಷ ನಕ್ಷತ್ರ ಕಟ್ಟುವ ಮೊದಲು ಅಂಗಡಿಯಿಂದ ಒಂದು ಪ್ಲಗ್ ತನ್ನಿ. ಮನೆಯಲ್ಲಿ ಯಾರಾದರೂ “ಕೈ ಜುಮ್ಮೆನ್ನುತ್ತದೆ” ಎಂದರೆ ನಾವು ನಕ್ಕಂತೆ ನಗಬೇಡಿ. ಕೂಡಲೇ ಮೈನ್ ಆಫ್ ಮಾಡಿ.

ದೇವರು ನಿಮ್ಮ ಮನೆಗಳನ್ನು ಕಾಪಾಡಲಿ.