ಸಮನ್ಸ್ ಒಯ್ಯುವವನ ದಾರಿಯೂ ಲೆಕ್ಕಕ್ಕೆ ಬರಲಿ

ಸಾಗರದ ಸಿವಿಲ್ ಕೋರ್ಟಿನಿಂದ ಹಿನ್ನೀರಿನ ಆಚೆ ದಡದ ತುಮರಿಯ ಪ್ರತಿವಾದಿಯೊಬ್ಬನಿಗೆ ಸಮನ್ಸ್ ಹೊರಟಿತು ಎನ್ನೋಣ. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಗುವವರೆಗೆ ಅದನ್ನು ಒಯ್ಯುವ ಆದೇಶ ಜಾರಿಕಾರ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಆಚೆ ದಡದಲ್ಲೇ ಉಳಿಯಬೇಕಿತ್ತು, ಇಲ್ಲವೇ ಹೊಸನಗರದ ಕಡೆಯಿಂದ ಸುತ್ತಿ ಬರಬೇಕಿತ್ತು. ಅಷ್ಟೆಲ್ಲ ಮಾಡಿ ಅವನು ತಲುಪಿಸುತ್ತಿದ್ದದ್ದು ಒಂದು ಸಮನ್ಸ್. ಸಾಗರ ಪೇಟೆಯಲ್ಲಿ ಕೋರ್ಟಿನ ಹಿಂದಿನ ಬೀದಿಗೆ ನಡೆದುಹೋಗಿ ಕೊಟ್ಟದ್ದೂ ಒಂದು ಸಮನ್ಸೇ. ರಿಜಿಸ್ಟರಿನಲ್ಲಿ ಎರಡಕ್ಕೂ ಒಂದೊಂದೇ ಸಾಲು.

ಈಗ ಸೇತುವೆ ಬಂದಿದೆ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಷ್ಟೂ ದಾರಿಗೆ ಸೇತುವೆ ಬರುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿದೆ. ಹುಲಿಕಲ್, ಮಾಸ್ತಿಕಟ್ಟೆ, ಯಡೂರು ಹೊಸನಗರಕ್ಕೆ ಸೇರಿವೆ. ಇಲ್ಲಿ ಊರೆಂದರೆ ಸಾಲುಮನೆಗಳಲ್ಲ. ಗುಡ್ಡಕ್ಕೊಂದು ಮನೆ, ತೋಟಕ್ಕೊಂದು ಮನೆ. ಬಸ್ಸು ಇಳಿದ ಮೇಲೆ ನಿಜವಾದ ದಾರಿ ಶುರು.

ನ್ಯಾಯದಾನ ನಿಧಾನವಾಗಿದೆ ಎಂಬ ಚರ್ಚೆ ಎದ್ದಾಗಲೆಲ್ಲ ಮಾತು ನ್ಯಾಯಾಧೀಶರ ಸಂಖ್ಯೆಗೆ ಬಂದು ನಿಲ್ಲುತ್ತದೆ. ಎಷ್ಟು ಪ್ರಕರಣಕ್ಕೆ ಎಷ್ಟು ನ್ಯಾಯಾಧೀಶರು ಬೇಕು ಎಂಬುದಕ್ಕೆ, ಪ್ರಕರಣದ ಬಗೆಯನ್ನೂ ತೂಗಿ ನೋಡುವ ಲೆಕ್ಕ ಸುಪ್ರೀಂ ಕೋರ್ಟಿನ ಮುಂದೆ ಇಮ್ತಿಯಾಜ್ ಅಹ್ಮದ್ ಪ್ರಕರಣದಲ್ಲೇ ಚರ್ಚೆಯಾಗಿದೆ. ಆದರೆ ನ್ಯಾಯಾಧೀಶರ ಕೆಳಗೆ ದುಡಿಯುವ ಶಿರಸ್ತೇದಾರ, ಬೆಂಚ್ ಕ್ಲರ್ಕ್, ಬೆರಳಚ್ಚುಗಾರ, ಅಮೀನ, ಜವಾನರ ವಿಷಯಕ್ಕೆ ಬಂದಾಗ ಲೆಕ್ಕ ಬಹಳ ಸರಳ: ಇಂಥ ಕೋರ್ಟಿಗೆ ಇಷ್ಟು ಹುದ್ದೆ. ಆ ಹುದ್ದೆಯಲ್ಲಿರುವವನು ಯಾವ ಘಟ್ಟ ಹತ್ತುತ್ತಾನೆ ಎಂಬುದು ಅದರಲ್ಲಿ ಬರುವುದಿಲ್ಲ. ಮಲೆನಾಡಿನ ಕೋರ್ಟು ಕಚೇರಿಗಳ ಸಿಬ್ಬಂದಿ ಆಡಳಿತ ಎಡವುವುದು ಇಲ್ಲೇ.

ಸಮನ್ಸ್ ಜಾರಿ ಎಂದರೆ ಕಾಗದ ಕೊಟ್ಟು ಸಹಿ ಹಾಕಿಸಿಕೊಳ್ಳುವುದು, ಅಷ್ಟೇ ಎಂದುಕೊಳ್ಳುವವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶವನ್ನು ಒಮ್ಮೆ ತಿರುವಿ ನೋಡಬೇಕು. ಯಜಮಾನರು ಅಡಿಕೆ ಮಂಡಿಗೆ ಹೋಗಿದ್ದಾರೆ, ಸದ್ಯಕ್ಕೆ ಬರುವ ಹಾಗಿಲ್ಲ. ಮನೆಯಲ್ಲಿ ವಯಸ್ಕ ಸದಸ್ಯರಿದ್ದರೆ ಅವರಿಗೆ ಕೊಡಬಹುದು. ಅಂಗಳದಲ್ಲಿ ಅಡಿಕೆ ಹರವುತ್ತಿರುವ ಆಳಿಗೆ ಕೊಡುವಂತಿಲ್ಲ. ಕೆಲಸದವರು ಕುಟುಂಬದ ಸದಸ್ಯರಲ್ಲ ಎಂದು ನಿಯಮದ ವಿವರಣೆಯೇ ಹೇಳುತ್ತದೆ. ತೆಗೆದುಕೊಳ್ಳಲು ಒಪ್ಪದಿದ್ದರೆ ಹೊರಬಾಗಿಲಿಗೆ ಪ್ರತಿ ಅಂಟಿಸಬೇಕು. ಯಾವ ಸಂದರ್ಭದಲ್ಲಿ ಅಂಟಿಸಿದ್ದು, ಇದು ಅವರದೇ ಮನೆ ಎಂದು ಗುರುತು ಹೇಳಿದವರು ಯಾರು, ಅಂಟಿಸುವಾಗ ಎದುರಿಗಿದ್ದವರು ಯಾರು ಎಂದು ಹೆಸರು, ವಿಳಾಸ ಸಮೇತ ಷರಾ ಬರೆಯಬೇಕು. ಪೇಟೆಯಲ್ಲಿ ಪಕ್ಕದ ಅಂಗಡಿಯವನನ್ನು ಕರೆದರೆ ಮುಗಿಯಿತು. ಕಾಡಂಚಿನ ಒಂಟಿಮನೆಯ ಮುಂದೆ ನಿಂತವನಿಗೆ ಗುರುತು ಹೇಳಲು ನಾಯಿಯೊಂದೇ ಸಿಗುತ್ತದೆ. ಒಂದೇ ಹೆಸರಿನ ಮೂವರು ನಾಲ್ವರು ಇರುವ ಊರಿನಲ್ಲಿ ದಾವಾಪತ್ರದ ವಿಳಾಸವೂ ಕೈಕೊಡುತ್ತದೆ.

ಈ ಷರಾ ಹಾಳಾದರೆ ಪ್ರಕರಣವೇ ಹಾಳು. ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸಲು ಇರುವ 30 ದಿನ ಶುರುವಾಗುವುದೇ ಸಮನ್ಸ್ ತಲುಪಿದ ದಿನದಿಂದ. ಸರಿಯಾಗಿ ಜಾರಿಯಾಗದ ಸಮನ್ಸನ್ನು ಜಾರಿಯಾಗಿದೆ ಎಂದು ನಂಬಿ ಏಕಪಕ್ಷೀಯ ಡಿಕ್ರಿ ಕೊಟ್ಟರೆ, ವರ್ಷಗಳ ನಂತರ ಪ್ರತಿವಾದಿ ಬಂದು ಅದನ್ನು ರದ್ದುಪಡಿಸಲು ಅರ್ಜಿ ಹಾಕುತ್ತಾನೆ. ಆಗ ದಾವೆ ಮೊದಲ ಮೆಟ್ಟಿಲಿಗೆ. ಒಬ್ಬ ನೌಕರ ಅವಸರದಲ್ಲಿ ಬರೆದ ಎರಡು ಸಾಲಿಗಾಗಿ ನ್ಯಾಯಾಧೀಶರು, ವಕೀಲರು, ಕಕ್ಷಿದಾರರು ಮತ್ತೊಮ್ಮೆ ಅಷ್ಟೂ ವರ್ಷ ಸವೆಸಬೇಕು.

ಇಲ್ಲಿನ ವ್ಯಾಜ್ಯಗಳ ಸ್ವರೂಪವೂ ಕೆಲಸ ಹೆಚ್ಚಿಸಿದೆ. 1951ರ ಕಾಗೋಡು ಸತ್ಯಾಗ್ರಹ ನಡೆದ ನೆಲ ಇದು. 1974ರ ಭೂಸುಧಾರಣೆಯ ನಂತರ ಗೇಣಿದಾರರ ಹೆಸರಿಗೆ ಬಂದ ಜಮೀನು ಈಗ ಮಕ್ಕಳು ಮೊಮ್ಮಕ್ಕಳ ಪಾಲಿನ ಮಾತಾಗಿದೆ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಮಾಡಿತು. ನ್ಯಾಯವಾದದ್ದೇ. ಆದರೆ ಕೋರ್ಟು ಕಚೇರಿಯ ಮಟ್ಟಿಗೆ ಇದರ ಅರ್ಥವೇನು? ಒಂದು ಪಾಲುದಾವೆಯಲ್ಲಿ ಹತ್ತು ಹನ್ನೆರಡು ಪ್ರತಿವಾದಿಗಳು. ಒಬ್ಬಳನ್ನು ಹೊಸನಗರಕ್ಕೆ ಕೊಟ್ಟಿದೆ, ಇನ್ನೊಬ್ಬಳನ್ನು ಸಾಗರಕ್ಕೆ, ಮೊಮ್ಮಗ ಬೆಂಗಳೂರಿನಲ್ಲಿ. ತೀರ್ಥಹಳ್ಳಿ ಕೋರ್ಟಿನ ಸಮನ್ಸನ್ನು ಹೊಸನಗರ ಕೋರ್ಟಿಗೆ ಕಳಿಸಿ ಅಲ್ಲಿನ ಜಾರಿಕಾರನ ಕೈಯಲ್ಲಿ ಜಾರಿ ಮಾಡಿಸಬೇಕಾಗುತ್ತದೆ. ಹೊಸನಗರದಲ್ಲಿ ಆ ಹುದ್ದೆ ಖಾಲಿಯಿದ್ದರೆ ತೀರ್ಥಹಳ್ಳಿಯ ದಾವೆಗೆ ಮತ್ತೊಂದು ವಾಯಿದೆ. ಹನ್ನೆರಡರಲ್ಲಿ ಹನ್ನೊಂದು ಜಾರಿಯಾಗಿ ಒಂದು ಉಳಿದರೂ ಕಡತ ಮುಂದೆ ಹೋಗದು.

ವಾಟ್ಸ್‌ಆ್ಯಪ್, ಇಮೇಲ್ ಇರುವಾಗ ಕಾಲ್ನಡಿಗೆಯ ಜಾರಿಕಾರ ಯಾಕೆ ಎಂದು ಕೇಳುವವರಿದ್ದಾರೆ. ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 2023ರಲ್ಲಿ ಕೇಂದ್ರ ಸರ್ಕಾರ 7,210 ಕೋಟಿ ರೂಪಾಯಿ ಮಂಜೂರು ಮಾಡಿದೆ. ಜಾರಿಕಾರರು ಎಲ್ಲಿ, ಯಾವಾಗ ಸಮನ್ಸ್ ಕೊಟ್ಟರೆಂದು ಜಿಪಿಎಸ್ ಮೂಲಕ ದಾಖಲಿಸುವ ಎನ್‌ಸ್ಟೆಪ್ ಎಂಬ ಮೊಬೈಲ್ ವ್ಯವಸ್ಥೆಯೂ ಇದೆ. ಒಳ್ಳೆಯದೇ. ಆದರೆ ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂದು ಜನ ಅಭಿಯಾನ ಮಾಡಿದ ಹಳ್ಳಿಗಳಿರುವ ತಾಲ್ಲೂಕುಗಳಿವು. ಆ್ಯಪ್ ದಾಖಲೆ ಇಡುತ್ತದೆ, ಗುಡ್ಡ ಹತ್ತುವುದು ಕಾಲೇ.

ಕಚೇರಿಯ ಒಳಗಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಕಂಪ್ಯೂಟರ್ ಬಂದಿದೆ, ಕಾಗದದ ರಿಜಿಸ್ಟರೂ ಉಳಿದಿದೆ. ಬೆಂಚ್ ಕ್ಲರ್ಕ್ ದಿನದ ಆದೇಶವನ್ನು ಕಡತದಲ್ಲೂ ಬರೆಯಬೇಕು, ಸಂಜೆಯೊಳಗೆ ತಂತ್ರಾಂಶಕ್ಕೂ ಏರಿಸಬೇಕು. ಹಳ್ಳಿಯ ಕಕ್ಷಿದಾರನ ಮಗ ಮೊಬೈಲಿನಲ್ಲಿ ಮುಂದಿನ ವಾಯಿದೆ ನೋಡುವುದು ಇದೇ ಕೈಯ ಕೆಲಸದಿಂದ. ಜೊತೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಶಿಬಿರಗಳು, ವರ್ಷಕ್ಕೆ ನಾಲ್ಕು ಬಾರಿ ರಾಷ್ಟ್ರೀಯ ಲೋಕ್ ಅದಾಲತ್. ಅದಾಲತ್ತಿನಲ್ಲಿ ಇತ್ಯರ್ಥವಾದ ಪ್ರಕರಣಗಳ ಸಂಖ್ಯೆ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಅದಕ್ಕಾಗಿ ನೋಟಿಸ್ ಹೊರಡಿಸಿ, ಕಡತ ಹೊಂದಿಸಿಟ್ಟ ಗುಮಾಸ್ತರ ಸುದ್ದಿ ಎಲ್ಲೂ ಬರುವುದಿಲ್ಲ.

ನಕಲು ಶಾಖೆಯನ್ನೂ ನೋಡಬೇಕು. ತೀರ್ಪಿನ ದೃಢೀಕೃತ ನಕಲಿನ ಹಿಂಬದಿಯಲ್ಲಿ ಅರ್ಜಿ ಹಾಕಿದ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಂದು ಮುದ್ರೆಯ ಸಾಲುಗಳಿರುತ್ತವೆ. ಮೇಲ್ಮನವಿಯ ಅವಧಿ ಎಣಿಸುವಾಗ ನಕಲಿಗೆ ಹಿಡಿದ ಕಾಲವನ್ನು ಕಳೆಯುವುದು ಈ ತಾರೀಖುಗಳಿಂದ. ಅಲ್ಲಿ ಕೂತವನು ರಜೆಯಲ್ಲಿದ್ದು ಇನ್ನೊಬ್ಬನಿಗೆ ಕೆಲಸ ಗೊತ್ತಿಲ್ಲದಿದ್ದರೆ, ಶಿವಮೊಗ್ಗದಲ್ಲಿ ಅಪೀಲು ಹಾಕಬೇಕಾದವನು ಮತ್ತೆ ಮತ್ತೆ ಬಸ್ಸು ಹಿಡಿಯುತ್ತಾನೆ.

ಮೇಲಿನಿಂದ ಏನೂ ಆಗಿಲ್ಲ ಎನ್ನಲಾಗದು. ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಆಯೋಗ ಅಧೀನ ನ್ಯಾಯಾಲಯಗಳ ನೌಕರರ ವೇತನ, ಬಡ್ತಿ, ಸೇವಾ ಸ್ಥಿತಿಗಳ ಬಗ್ಗೆ ಪ್ರತ್ಯೇಕವಾಗಿಯೇ ಶಿಫಾರಸು ಮಾಡಿತು. ಕೋರ್ಟು ನೌಕರಿಯೂ ಬಹಿರಂಗ ಜಾಹೀರಾತು, ಸಮಾನ ಅವಕಾಶಗಳ ಮೂಲಕವೇ ಆಗಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ರೇಣು ಪ್ರಕರಣದಲ್ಲಿ ಖಂಡಿತವಾಗಿ ಹೇಳಿತು. 13ನೇ ಹಣಕಾಸು ಆಯೋಗದ ಅನುದಾನದಲ್ಲಿ ಎಂಬಿಎ ಓದಿದ ಕೋರ್ಟ್ ಮ್ಯಾನೇಜರ್ ಎಂಬ ಹುದ್ದೆ ಬಂತು. ಅನುದಾನ ಮುಗಿದ ಮೇಲೆ ಆ ಮ್ಯಾನೇಜರುಗಳೇ ಅತಂತ್ರರಾದರು. ಸಿಬ್ಬಂದಿ ನಿರ್ವಹಣೆಗೆಂದು ತಂದವರ ಸೇವೆಯನ್ನೇ ನಿರ್ವಹಿಸಲಾಗಲಿಲ್ಲ! ಅವರಿಗೆ ಸೇವಾ ನಿಯಮ ರೂಪಿಸಿ ಎಂದು ಸುಪ್ರೀಂ ಕೋರ್ಟ್ 2025ರ ಮೇ 16ರಂದು ಎಲ್ಲ ಹೈಕೋರ್ಟುಗಳಿಗೆ ಮತ್ತೆ ನಿರ್ದೇಶಿಸಬೇಕಾಯಿತು.

ಮ್ಯಾನೇಜರ್ ಶಿವಮೊಗ್ಗದಲ್ಲಿ ಕೂತು ಹಾಜರಿ ಪುಸ್ತಕ ನೋಡಿದರೆ ಸಾಲದು. ಅವರ ಮೊದಲ ಕೆಲಸ ಈ ಮೂರು ತಾಲ್ಲೂಕುಗಳ ಜಾರಿ ನಕ್ಷೆ ಮಾಡುವುದಾಗಲಿ. ಯಾವ ಹೋಬಳಿಗೆ ತಿಂಗಳಿಗೆ ಎಷ್ಟು ಸಮನ್ಸ್ ಹೋಗುತ್ತದೆ, ಎಷ್ಟು ಜಾರಿಯಾಗದೆ ವಾಪಸಾಗುತ್ತದೆ, ಬಸ್ಸು ಎಲ್ಲಿಯವರೆಗೆ ಇದೆ, ಮಳೆಗಾಲದಲ್ಲಿ ಯಾವ ದಾರಿ ಕಟ್ಟುತ್ತದೆ. ಇದನ್ನು ಹೇಳಲು ಸಲಹಾ ಸಂಸ್ಥೆ ಬೇಕಿಲ್ಲ. ನಿವೃತ್ತಿಯ ಅಂಚಿನಲ್ಲಿರುವ ಒಬ್ಬ ಅಮೀನನನ್ನು ಅರ್ಧ ದಿನ ಕೂರಿಸಿಕೊಂಡು ಕೇಳಿದರೆ ಸಾಕು. ಅದರ ಆಧಾರದ ಮೇಲೆ ಹೋಬಳಿ ಹಂಚಿ, ಪ್ರಯಾಣಭತ್ಯೆಯನ್ನು ನಿಜವಾದ ಖರ್ಚಿಗೆ ಹೊಂದಿಸಿ, ತಾಲ್ಲೂಕಿನ ಹುದ್ದೆಯಲ್ಲಿರುವವರನ್ನು ನಿಯೋಜನೆಯ ಹೆಸರಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಎಳೆಯುವುದನ್ನು ನಿಲ್ಲಿಸಬೇಕು. ಹೊಸ ಕೋರ್ಟು ಮಂಜೂರಾದರೆ ಅದರ ಸಿಬ್ಬಂದಿಯೂ ಅದರ ಜೊತೆಯಲ್ಲೇ ಬರಬೇಕು. ಇದ್ದ ಐವರನ್ನು ಎರಡು ಕಡೆ ಹಂಚಿ ಟೇಪು ಕತ್ತರಿಸುವುದರಿಂದ ಪ್ರಯೋಜನವಿಲ್ಲ.

ಮೂರೂ ತಾಲ್ಲೂಕುಗಳ ವಕೀಲರ ಸಂಘಗಳು ಹೊಸ ಕಟ್ಟಡ, ಹೊಸ ಪೀಠ ಬೇಕೆಂದು ಮನವಿ ಕೊಡುವಾಗ ಇನ್ನೊಂದು ಸಾಲು ಸೇರಿಸಲಿ: ಜಾರಿಯಾಗದೆ ಬಾಕಿ ಉಳಿದ ಸಮನ್ಸ್ ಎಷ್ಟು, ಖಾಲಿ ಇರುವ ಜಾರಿಕಾರರ ಹುದ್ದೆ ಎಷ್ಟು ಎಂಬುದನ್ನು ಪ್ರತಿ ತಿಂಗಳು ಕೋರ್ಟಿನ ಸೂಚನಾ ಫಲಕದಲ್ಲಿ ಹಾಕಬೇಕು. ಇದಕ್ಕೆ ಹೊಸ ಕಾನೂನೂ ಬೇಡ, ಹೊಸ ಅನುದಾನವೂ ಬೇಡ.