ಬಳ್ಳಾರಿಯನ್ನು ಅದರ ಜಾಗದಲ್ಲಿ ಕೂರಿಸಿ

ನಾನೂರು ಪುಟದ ಸ್ಥಳೀಯ ಇತಿಹಾಸದ ಪುಸ್ತಕ. ಕೊನೆಯಲ್ಲಿ ಲೇಖಕರ ಪರಿಚಯವಿದೆ, ಪ್ರಕಾಶಕರ ಇತರ ಪುಸ್ತಕಗಳ ಜಾಹೀರಾತಿದೆ. ಪದಸೂಚಿ ಮಾತ್ರ ಇಲ್ಲ. ನಿಮ್ಮೂರಿನ ಕೆರೆಯ ಪ್ರಸ್ತಾಪ ಎಲ್ಲಿದೆ ಎಂದು ನೋಡಬೇಕಾದರೆ ಇಡೀ ಪುಸ್ತಕ ತಿರುವಿಹಾಕಬೇಕು. ಪುಟವಿನ್ಯಾಸದಿಂದಲೇ ಹೊಟ್ಟೆ ಹೊರೆಯುವ ನಾನು ಕೇಳಿದಾಗೆಲ್ಲ ಬರುವ ಉತ್ತರ ಒಂದೇ: ‘ಅದನ್ನೆಲ್ಲ ಯಾರು ಬರೀತಾ ಕೂರ್ತಾರೆ ಮಾರಾಯ್ರೆ?’

ಯಾರೂ ಕೂರಬೇಕಾಗಿಲ್ಲ. ಲೇಟೆಕ್‌ನಂಥ ಅಕ್ಷರಜೋಡಣೆ ವ್ಯವಸ್ಥೆಯಲ್ಲಿ ಬೇಕಾದ ಹೆಸರಿನ ಪಕ್ಕ ಒಂದು ಗುರುತು ಹಾಕಿದರೆ ಸಾಕು. ಹೆಸರು, ಪುಟಸಂಖ್ಯೆ ಎರಡನ್ನೂ ಹೆಕ್ಕಿ ಅದೇ ಪಟ್ಟಿ ಮಾಡುತ್ತದೆ. ಲೇಖಕರು ಕೊನೇ ಗಳಿಗೆಯಲ್ಲಿ ಎರಡು ಪುಟ ಸೇರಿಸಿದರೂ ಮತ್ತೊಮ್ಮೆ ಓಡಿಸಿದರಾಯಿತು, ಸಂಖ್ಯೆಗಳೆಲ್ಲ ಸರಿಹೋಗುತ್ತವೆ. ಈ ಕೆಲಸಕ್ಕಿರುವ ಮೇಕ್‌ಇಂಡೆಕ್ಸ್ 1980ರ ದಶಕದ್ದು, ಕಾಸೂ ಕೊಡಬೇಕಿಲ್ಲ.

ತೊಡಕಿರುವುದು ಅಕಾರಾದಿಯಲ್ಲಿ. ಇಂಥ ಹಳೆಯ ಸಲಕರಣೆಗಳು ನೋಡುವುದು ಅಕ್ಷರದ ಸಂಕೇತಸಂಖ್ಯೆಯನ್ನಷ್ಟೆ. ಯೂನಿಕೋಡಿನಲ್ಲಿ ‘ಳ’ ಇರುವುದು ‘ಲ’ ಮತ್ತು ‘ವ’ ನಡುವೆ. ನಮ್ಮ ವರ್ಣಮಾಲೆಯಲ್ಲಿ ‘ಹ’ ಆದಮೇಲೆ. ಹಾಗಾಗಿ ಬಳ್ಳಾರಿ ಬಸವಕಲ್ಯಾಣಕ್ಕಿಂತ ಮೊದಲೇ ಬಂದು ಕೂರುತ್ತದೆ. ಹಳಗನ್ನಡದ ‘ೞ’ ಇದ್ದರಂತೂ ‘ಪೞೆಯ’ ಎಂಬುದು ‘ಪ್ರಭು’ವನ್ನೂ ದಾಟಿ ಹೋಗುತ್ತದೆ. ಇದಕ್ಕೂ ಮದ್ದುಂಟು. ಭಾಷಾವಾರು ಅನುಕ್ರಮದ ನಿಯಮಗಳನ್ನು ಯೂನಿಕೋಡ್ ಒಕ್ಕೂಟ ಸಿಎಲ್‌ಡಿಆರ್ ಹೆಸರಿನಲ್ಲಿ ಮುಕ್ತವಾಗಿ ಕೊಟ್ಟಿದೆ. ಅದನ್ನು ಓದಬಲ್ಲ ತಂತ್ರಾಂಶ ಬಳಸಿದರೆ ಬಳ್ಳಾರಿ ತನ್ನ ಜಾಗಕ್ಕೆ ಹೋಗುತ್ತದೆ.

ಆದರೆ ನನ್ನ ಕೈಗೆ ಬರುವ ಎಷ್ಟೋ ಹಸ್ತಪ್ರತಿಗಳು ಇನ್ನೂ ಹಳೆಯ ಆಸ್ಕಿ ಫಾಂಟಿನಲ್ಲಿವೆ. ಅಲ್ಲಿ ಕನ್ನಡದ ಅಕ್ಷರವೇ ಇಲ್ಲ. ಇಂಗ್ಲಿಷ್ ಸಂಕೇತಗಳ ಮೇಲೆ ಕೂರಿಸಿದ ತಲೆಕಟ್ಟು, ಕೊಂಬು, ಒತ್ತುಗಳ ಚೂರುಗಳಿವೆ. ಅವುಗಳಿಂದ ಅಕಾರಾದಿ ಹೊರಡುವುದಿಲ್ಲ. ಮೊದಲು ಯೂನಿಕೋಡಿಗೆ ಬದಲಿಸಿ, ಆಮೇಲೆ ಕಣ್ಣಿಟ್ಟು ಕರಡು ತಿದ್ದಬೇಕು.

ಯಂತ್ರಕ್ಕೆ ಬಿಡಬಾರದ ಕೆಲಸವೂ ಇದೆ. ಬಿಟ್ಟರೆ ಅರ್ಧ ಸಾಹಿತಿಗಳು ‘ಡಾ.’ ಎಂಬ ಕಾರಣಕ್ಕೆ ‘ಡ’ ಕೆಳಗೆ ಸಾಲುಗಟ್ಟುತ್ತಾರೆ. ಕೆ.ವಿ. ಪುಟ್ಟಪ್ಪ, ಕುವೆಂಪು ಇಬ್ಬರಾಗುತ್ತಾರೆ. ಯಾರನ್ನು ಯಾವ ಹೆಸರಿನ ಕೆಳಗೆ ಹುಡುಕುತ್ತಾರೆಂದು ಬಲ್ಲವರು ಸಂಪಾದಕರೇ. ಅವರ ಶ್ರಮ ಸಲ್ಲಬೇಕಾದ್ದು ಇಲ್ಲಿಗೆ, ಪುಟಸಂಖ್ಯೆ ಬರೆಯುವುದಕ್ಕಲ್ಲ.

ಲೇಖಕರು ಹಸ್ತಪ್ರತಿಯನ್ನು ಯೂನಿಕೋಡಿನಲ್ಲೇ ಕೊಡಲಿ. ಪ್ರಕಾಶಕರು ಪದಸೂಚಿಗೆಂದು ನಾಲ್ಕಾರು ಪುಟ ತೆಗೆದಿಡಲಿ. ಗ್ರಂಥಾಲಯ ಇಲಾಖೆ ಸಂಶೋಧನೆ, ಇತಿಹಾಸದ ಪುಸ್ತಕ ಕೊಳ್ಳುವಾಗ ಪದಸೂಚಿಯನ್ನು ಕಡ್ಡಾಯ ಮಾಡಲಿ. ಆ ಒಂದು ನಿಯಮ ಬಂದರೆ ‘ಯಾರು ಬರೀತಾ ಕೂರ್ತಾರೆ’ ಎನ್ನುವವರೆಲ್ಲ ಮರುವರ್ಷವೇ ಪದಸೂಚಿ ಹಾಕುತ್ತಾರೆ.